ಮೈಯ ಬಿಸಿ ಬಲ್ಲ ಮಣಿ

ಆ ವರ್ಷ ಏಪ್ರಿಲ್ ಮೊದಲ ವಾರದಲ್ಲೇ ಪಡುಬೈಲಿನ ಕೊಂಬು ಬೆಳಿಗ್ಗೆ ಎಂಟಕ್ಕೆ ಊದತೊಡಗಿತು. ಕೊಂಬು ಎಂದರೆ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿದ ಸೈರನ್. ಅದು ಊದಿದ ಮೇಲೆ ಸಂಜೆಯವರೆಗೆ ಕಡಲತಡಿಯ ಆ ಪಟ್ಟಣದಲ್ಲಿ ಯಾರೂ ಬಯಲಲ್ಲಿ ಓಡುವಂತಿಲ್ಲ, ಆಡುವಂತಿಲ್ಲ, ಭಾರ ಎತ್ತುವಂತಿಲ್ಲ. ಹತ್ತಾರು ವರ್ಷಗಳಿಂದ ಬೇಸಿಗೆಯ ನಿಯಮ ಹಾಗಿತ್ತು. ಮಕ್ಕಳು ವಾರ್ಡಿಗೊಂದರಂತೆ ಕಟ್ಟಿಸಿದ್ದ ತಂಪುಮನೆಗಳಲ್ಲಿ ಟ್ರೆಡ್‌ಮಿಲ್ ಮೇಲೆ ಸರದಿಯಲ್ಲಿ ಓಡುತ್ತಿದ್ದರು. ಮೈದಾನದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

ಕೊಂಬಿನ ಗುಂಡಿ ಒತ್ತುತ್ತಿದ್ದವಳು ಮನ್ವಿತಾ ಕರ್ಕೇರ. ಮನುಷ್ಯನ ಮೈ ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅವಳು ಓದಿದ ಶಾಸ್ತ್ರ. ತಾಪ ನಿಯಂತ್ರಣ ಕೊಠಡಿಯ ಗೋಡೆ ತುಂಬಾ ಇದ್ದ ಪರದೆಯಲ್ಲಿ ಕರಾವಳಿಯ ಊರೂರಿನ ಬಿಸಿಯೂ ತೇವವೂ ಬಣ್ಣಗಳಾಗಿ ಮೂಡುತ್ತಿದ್ದವು. ಪಡುಬೈಲು ಕೆಂಪಾದ ಕೂಡಲೇ ಅವಳು ಗುಂಡಿ ಒತ್ತಬೇಕು. ಒತ್ತಿದಾಗಲೆಲ್ಲ ಅವಳಿಗೆ ಮನೆಯಲ್ಲಿ ಅತ್ತೆ ಏನು ಗೊಣಗುತ್ತಿರಬಹುದು ಎಂದು ನೆನಪಾಗುತ್ತಿತ್ತು.

ಅತ್ತೆ ಹರಿಣಾಕ್ಷಿಗೆ ಅರವತ್ತು ದಾಟಿತ್ತು. ಹರೆಯದಲ್ಲಿ ಆಕೆ ಜಿಲ್ಲೆಗೆ ಹೆಸರಾದ ಹಗ್ಗಜಗ್ಗಾಟಗಾರ್ತಿ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವ ಜಾಗ ಆಕೆಯದು. ಈಗ ಬೇಸಿಗೆಯ ಮೂರು ತಿಂಗಳು ಹಾಲ್‌ನಲ್ಲಿ ಕೂತು ಕೂತು ಮೊಣಕಾಲು ಹಿಡಿಯುತ್ತಿತ್ತು, ರಕ್ತದ ಸಕ್ಕರೆ ಏರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಏರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಆ ಸಿಟ್ಟು ಹೊರಬಂತು.

"ನಿನ್ನ ಕೊಂಬು ಯಾರನ್ನು ಕೇಳಿ ಊದುದು?" ಎಂದಳು ಹರಿಣಾಕ್ಷಿ.

"ಗಾಳಿಯನ್ನು ಕೇಳಿ ಅತ್ತೆ. ಗಾಳಿಯಲ್ಲಿ ಬಿಸಿ ಎಷ್ಟುಂಟು, ಪಸೆ ಎಷ್ಟುಂಟು ಅಂತ ನೋಡಿ."

"ಬೇಯುವುದು ನನ್ನ ಮೈಯಲ್ವಾ? ಗಾಳಿಯನ್ನು ಯಾಕೆ ಕೇಳುದು? ನನ್ನ ಮೈಯನ್ನೇ ಕೇಳ್ಲಿಕ್ಕೆ ಆಗುದಿಲ್ವಾ ನಿಂಗೆ?"

ಮನ್ವಿತಾಳ ಗಂಡ ಪ್ರೀತಮ್ ಬಂದರಿನಲ್ಲಿ ಮಂಜುಗಡ್ಡೆಯ ಕಾರ್ಖಾನೆ ನಡೆಸುತ್ತಿದ್ದ. ಅಮ್ಮ ಮತ್ತು ಹೆಂಡತಿಯ ನಡುವೆ ಬಾಯಿ ಹಾಕಬಾರದೆಂದು ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿಹೋದ. ಮನ್ವಿತಾ ಮಾತ್ರ ತುತ್ತು ಕೈಯಲ್ಲೇ ಹಿಡಿದು ಅತ್ತೆಯನ್ನು ನೋಡುತ್ತ ಕೂತುಬಿಟ್ಟಳು.

ಗಾಳಿಯ ಬದಲು ಮೈಯನ್ನೇ ಕೇಳಿದರೆ?

ಅವಳಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಕರಾವಳಿಯ ಬೇಸಿಗೆ ಬಿಸಿಯಿಂದ ಕೊಲ್ಲುವುದಕ್ಕಿಂತ ಹೆಚ್ಚು ಪಸೆಯಿಂದ ಕೊಲ್ಲುತ್ತದೆ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯೇ ನೀರು ಕುಡಿದು ಒದ್ದೆಯಾಗಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ. ಒಳಗಿನ ಬಿಸಿ ಒಳಗೇ ಉಳಿದು ಏರುತ್ತ ಹೋಗುತ್ತದೆ. ಆದರೆ ಎಲ್ಲರಲ್ಲಿಯೂ ಒಂದೇ ವೇಗದಲ್ಲಿ ಏರುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಬಿಸಿಗೆ ಒಡ್ಡಿಕೊಂಡ ಮೈ ಎರಡು ವಾರಗಳಲ್ಲಿ ಪಾಠ ಕಲಿಯುತ್ತದೆ. ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಹುಟ್ಟುತ್ತದೆ, ಹೃದಯದ ಓಟ ನಿಧಾನವಾಗುತ್ತದೆ. ತಂಪುಮನೆಯಲ್ಲೇ ಕೂತ ಮೈ ಏನನ್ನೂ ಕಲಿಯುವುದಿಲ್ಲ. ಹೀಗೆ ಪಡುಬೈಲು ಬೇಸಿಗೆಯಿಂದ ತಪ್ಪಿಸಿಕೊಳ್ಳುತ್ತ ತಪ್ಪಿಸಿಕೊಳ್ಳುತ್ತ ಬೇಸಿಗೆಯನ್ನೇ ಮರೆತುಬಿಟ್ಟಿತ್ತು.

ಮುಂದಿನ ಕೆಲವು ವಾರ ಮನ್ವಿತಾ ನಿಯಂತ್ರಣ ಕೊಠಡಿಯ ಪಕ್ಕದ ಪ್ರಯೋಗಾಲಯದಲ್ಲೇ ಮನೆ ಮಾಡಿದಳು. ಅವಳು ಮಾಡಿದ್ದು ಕಡಲೆಕಾಳಿನಷ್ಟು ದೊಡ್ಡ ಒಂದು ಮಣಿ. ಬೆಳಿಗ್ಗೆ ನೀರಿನೊಂದಿಗೆ ನುಂಗಿದರೆ ಅದು ಹೊಟ್ಟೆ ದಾಟಿ ಕರುಳಿಗಿಳಿದು ಒಳಗಿನ ಬಿಸಿ ಎಷ್ಟೆಂದು ಸೊಂಟದ ಪಟ್ಟಿಗೆ ಕ್ಷಣಕ್ಷಣಕ್ಕೂ ಹೇಳುತ್ತದೆ. ಕರುಳಿಗಿಳಿದ ಮೇಲೆ ತಣ್ಣೀರು ಕುಡಿದು ಅದನ್ನು ಮೋಸಗೊಳಿಸುವಂತಿಲ್ಲ. ಪಟ್ಟಿಯಲ್ಲಿ ಹಸಿರು ದೀಪವಿದ್ದರೆ ಆಡಬಹುದು, ಹಳದಿ ಬಂದರೆ ನೆರಳಿಗೆ ಹೋಗಬೇಕು, ಕೆಂಪು ಬಂದರೆ ಪಟ್ಟಿ ಗಡಗಡ ನಡುಗುತ್ತದೆ. ಇಂಥ ಮಣಿ ಹಿಂದೆಯೂ ಕೆಲವು ಕಡೆ ಇತ್ತು. ಆದರೆ ಒಂದು ಊರಿನ ಜನರೆಲ್ಲ ನುಂಗುವಷ್ಟು ಸುಲಭದಲ್ಲಿ ಅದನ್ನು ಮಾಡಿದವರಲ್ಲಿ ಇವಳೇ ಮೊದಲು.

ಮಣಿಯನ್ನು ಅಂಗೈಯಲ್ಲಿಟ್ಟುಕೊಂಡು ಅವಳು ನಿಯಂತ್ರಣ ಕೊಠಡಿಯ ಮುಖ್ಯಸ್ಥ ಜಾಯ್‌ಸ್ಟನ್ ಲೋಬೊ ಅವರ ಮುಂದೆ ನಿಂತಳು. ಲೋಬೊ ಮಿತಭಾಷಿ. ನಕ್ಕದ್ದನ್ನು ಕಂಡವರು ಕಡಿಮೆ.

"ಆಗುದಿಲ್ಲ ಡಾಕ್ಟ್ರೆ," ಎಂದರು.

"ಸರ್, ಒಂದು ಸಲ ನೋಡುವ ಅಂತ..."

"ನಾನು ನೋಡಿದ್ದೇನೆ." ಲೋಬೊ ಕಿಟಕಿಯ ಕಡೆ ತಿರುಗಿದರು. "ಆಗ ನಂಗೆ ಮೂವತ್ತೂ ಆಗಿರ್ಲಿಲ್ಲ. ಶಾಲೆಯ ಮಕ್ಕಳ ಓಟ ಇತ್ತು. ಒಂದು ಹುಡುಗಿ ಬಿದ್ದಳು. ನಾನೇ ಎತ್ತಿ ಜೀಪಿಗೆ ಹಾಕಿದ್ದು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಈ ನಿಯಮ ಸುಮ್ಮನೆ ಬಂದದ್ದಲ್ಲ."

ಮನ್ವಿತಾ ಮೆತ್ತಗೆ ಕೇಳಿದಳು: "ಅಲ್ಲಿ ನೀರಿತ್ತಾ ಸರ್? ತಣ್ಣೀರಿನ ದೊಡ್ಡ ತೊಟ್ಟಿ?"

"ಇರ್ಲಿಲ್ಲ."

"ಇದ್ದಿದ್ರೆ ಆ ಹುಡುಗಿ ಬದುಕ್ತಿದ್ದಳೋ ಏನೋ. ಮೊದಲು ತಂಪು ಮಾಡ್ಬೇಕು, ಆಸ್ಪತ್ರೆ ಆಮೇಲೆ. ನಾವು ತೊಟ್ಟಿ ಇಟ್ಕೊಂಡೇ ಆಡುವ ಸರ್. ಮಣಿಯೂ ಇರ್ಲಿ, ತೊಟ್ಟಿಯೂ ಇರ್ಲಿ."

ಎರಡು ದಿನ ಬಿಟ್ಟು ಲೋಬೊ ಅವರೇ ಕರೆದರು. ಮುಂದಿನ ವರ್ಷದಿಂದ ಮುಂಜಾನೆಯ ಹೊತ್ತನ್ನೂ ಮುಚ್ಚಬೇಕೆಂದು ಮೇಲಿನವರು ಯೋಚಿಸುತ್ತಿದ್ದರು. ಅದಕ್ಕೊಂದು ಸಮಿತಿ ಬರುವುದಿತ್ತು. "ಆ ಸಮಿತಿಯ ಎದುರು ತೋರಿಸಿ," ಎಂದರು ಲೋಬೊ. "ಹತ್ತು ಜನ, ಎರಡು ವಾರದ ತಯಾರಿ. ಗಾಳಿ ತೀರಾ ಕೆಟ್ಟು ಪರದೆ ಕಪ್ಪಾದ ದಿನ ಯಾರೂ ಮೈದಾನಕ್ಕೆ ಇಳಿಯಬಾರದು. ನಿಮ್ಮ ಹತ್ತರಲ್ಲಿ ಒಬ್ಬರು ಬಿದ್ದರೂ ಮುಂಜಾನೆಯೂ ಹೋಯ್ತು ಅಂತ ತಿಳ್ಕೊಳ್ಳಿ."

ಹತ್ತು ಜನರನ್ನು ಹುಡುಕುವ ಕಷ್ಟ ಮನ್ವಿತಾಳಿಗೆ ಬರಲೇ ಇಲ್ಲ. ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಹರಿಣಾಕ್ಷಿ ತನ್ನ ಹಳೆಯ ತಂಡದವರಿಗೆಲ್ಲ ಫೋನು ಮಾಡಿಯಾಗಿತ್ತು. ಮರುದಿನ ಮನೆಯ ಜಗಲಿಯಲ್ಲಿ ಒಂಬತ್ತು ಹೆಂಗಸರು ಕೂತು ಅವಲಕ್ಕಿ ತಿನ್ನುತ್ತಿದ್ದರು. ವೈದ್ಯರು ಎಲ್ಲರ ಹೃದಯ, ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ ಆಗಬಹುದು ಎಂದರು. ಆ ತಂಡದ ಜೀವಾಳ ರಮ್ಲತ್. ಬೇಕರಿ ನಡೆಸುತ್ತಿದ್ದ ಆಕೆ ಮಣಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಡಾಕ್ಟ್ರೆ, ಇದನ್ನು ನುಂಗುದು ಸರಿ. ವಾಪಸ್ ಕೊಡ್ಲಿಕ್ಕೆ ಉಂಟಾ?"

"ಇಲ್ಲ ರಮ್ಲತಕ್ಕ, ಬೇಡ! ಅದು ಅದರಷ್ಟಕ್ಕೆ ಹೋಗ್ತದೆ."

ಜಗಲಿಯಲ್ಲಿ ಎದ್ದ ನಗು ಬೀದಿಯ ಆಚೆಯ ಮನೆಗೂ ಕೇಳಿಸಿತು.

ತಯಾರಿ ಶುರುವಾಯಿತು. ಮೊದಲ ದಿನಗಳಲ್ಲಿ ಬರೀ ನಡಿಗೆ. ಸಂಜೆ ನಾಲ್ಕರ ಬಿಸಿಲಲ್ಲಿ ಮೈದಾನಕ್ಕೆ ಒಂದು ಸುತ್ತು ಹಾಕುವಷ್ಟರಲ್ಲಿ ಹರಿಣಾಕ್ಷಿಯ ಪಟ್ಟಿಯಲ್ಲಿ ಹಳದಿ ಬಂತು. ಆಕೆ ಕಣ್ಣು ಕೆಂಪು ಮಾಡಿ ಪಟ್ಟಿಯನ್ನು ನೋಡಿದಳು. ಆದರೂ ಹೋಗಿ ಮರದ ಕೆಳಗೆ ಕೂತಳು. ಕೊಂಬಿನ ಮಾತಿಗೆ ಸಿಡುಕುತ್ತಿದ್ದ ಅತ್ತೆ ತನ್ನದೇ ಮೈಯ ಮಾತನ್ನು ಮರುಮಾತಿಲ್ಲದೆ ಕೇಳಿದ್ದನ್ನು ಕಂಡು ಮನ್ವಿತಾಳಿಗೆ ನಗು ಬಂತು. ನೆರಳಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಗಂಜಿಯ ತಿಳಿ, ಎಳನೀರು ಕಾದಿರುತ್ತಿದ್ದವು. ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿ, ಬೀಸಣಿಗೆಯಿಂದ ಒಬ್ಬರಿಗೊಬ್ಬರು ಗಾಳಿ ಹಾಕುವುದೂ ಪಾಠದ ಭಾಗವೇ ಆಗಿತ್ತು.

ಇನ್ನೊಂದು ಪಾಠ ತೊಟ್ಟಿಯದು. ಮೀನು ತುಂಬುವ ದೊಡ್ಡ ನೀಲಿ ತೊಟ್ಟಿಯನ್ನು ಪ್ರೀತಮ್ ತಂದಿಟ್ಟು ನೀರು ತುಂಬಿಸಿ ಮಂಜುಗಡ್ಡೆ ಸುರಿದ. "ಯಾರಾದ್ರೂ ತಲೆಬುಡ ಇಲ್ಲದ ಮಾತಾಡಿದ್ರೆ, ತೂರಾಡಿದ್ರೆ, ಕೇಳ್ಲಿಕ್ಕೆ ಹೋಗ್ಬೇಡಿ. ಎತ್ತಿ ತೊಟ್ಟಿಗೆ ಹಾಕಿ. ತಲೆ ಮಾತ್ರ ಮೇಲೆ ಹಿಡ್ಕೊಳ್ಳಿ," ಎಂದು ಮನ್ವಿತಾ ಮತ್ತೆ ಮತ್ತೆ ಹೇಳಿದಳು.

"ತಲೆಬುಡ ಇಲ್ಲದ ಮಾತು ಅಂದ್ರೆ ರಮ್ಲತಳನ್ನು ದಿನಾ ಹಾಕ್ಬೇಕಾಗ್ತದೆ," ಎಂದಳು ಹರಿಣಾಕ್ಷಿ.

ಒಂದು ವಾರ ಕಳೆಯುವಷ್ಟರಲ್ಲಿ ಪ್ರಯೋಗಾಲಯದ ಪರದೆಯಲ್ಲಿ ಹತ್ತು ಗೆರೆಗಳು ತಗ್ಗತೊಡಗಿದವು. ಅದೇ ಬಿಸಿಲು, ಅದೇ ಸುತ್ತು. ಒಳಗಿನ ಬಿಸಿ ಮಾತ್ರ ಹಿಂದಿನಷ್ಟು ಏರುತ್ತಿರಲಿಲ್ಲ. ಮನೆಯಲ್ಲೂ ಬದಲಾವಣೆ ಕಾಣತೊಡಗಿತು. ಹರಿಣಾಕ್ಷಿ ನೆಲದ ಮೇಲೆ ಕೂತು ಕೈ ಊರದೆ ಏಳುತ್ತಿದ್ದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಹಾಡು ಕೇಳಿಸುತ್ತಿತ್ತು. ಏಸಿ ಹಾಕಿದರೆ "ಚಳಿ ಆಗ್ತದೆ ಮಾರಾಯ, ಬಂದ್ ಮಾಡು" ಎಂದು ಮಗನನ್ನೇ ಗದರುತ್ತಿದ್ದಳು.

ಆಮೇಲೆ ಹಗ್ಗ ಬಂತು. ಎದುರು ತಂಡವಿಲ್ಲದ ಕಾರಣ ಹಗ್ಗದ ಇನ್ನೊಂದು ತುದಿಯನ್ನು ಮಂಜುಗಡ್ಡೆ ಸಾಗಿಸುವ ಹಳೆಯ ಟೆಂಪೋಗೆ ಕಟ್ಟಿದರು. ಪ್ರೀತಮ್ ಸ್ಟೀರಿಂಗ್ ಹಿಡಿದು ಕೂತ. ಮೊದಲ ದಿನ ಟೆಂಪೋ ಅಲ್ಲಾಡಲಿಲ್ಲ. ಎರಡನೆಯ ದಿನ ಒಂದು ಮೊಳ ಸರಿಯಿತು. ಮೂರನೆಯ ದಿನ ಹರಿಣಾಕ್ಷಿ "ಹೋ... ಎಳಿ!" ಎಂದು ಕೂಗುತ್ತಿದ್ದಂತೆ ಟೆಂಪೋ ಗಡಗಡನೆ ಹೊರಟು ಮೈದಾನದ ಅರ್ಧಕ್ಕೆ ಬಂತು. ಒಳಗೆ ಕೂತ ಪ್ರೀತಮ್ ಗಾಬರಿಯಲ್ಲಿ ಹಾರ್ನ್ ಒತ್ತಿದ. ತಂಪುಮನೆಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ ಮಕ್ಕಳು ಕುಣಿದಾಡಿದರು. ಅವರ ಕೂಗು ಗಾಜಿನಿಂದಾಚೆ ಕೇಳಿಸುತ್ತಿರಲಿಲ್ಲ. ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು.

ಸಮಿತಿ ಬಂದ ದಿನ ಮೋಡ ಕವಿದು ಗಾಳಿ ನಿಂತುಹೋಗಿತ್ತು. ಪರದೆ ಕಪ್ಪಾಗಿರಲಿಲ್ಲ, ಕಡು ಕೆಂಪಾಗಿತ್ತು. ಸಮಿತಿಯ ಮೂವರೂ ಲೋಬೊ ಅವರೂ ತಂಪು ವ್ಯಾನಿನಲ್ಲಿ ಕೂತರು. ಅವರ ಮುಂದೆ ಎಲ್ಲ ಮಣಿಗಳ ಲೆಕ್ಕ ತೋರಿಸುವ ಪರದೆಯಿತ್ತು. ತಂಡವನ್ನು ಐದೈದಾಗಿ ಹಂಚಿ ಆಡಿಸುವುದೆಂದು ತೀರ್ಮಾನವಾಗಿತ್ತು. ಆಗ ರಮ್ಲತಳ ಫೋನು ಹೊಡೆದುಕೊಂಡಿತು. ಆಕೆ ಕಿವಿಗಿಟ್ಟವಳೇ ಕಿರುಚಿದಳು.

"ಮಗಳಿಗೆ ಹೆರಿಗೆ ಆಯ್ತಂತೆ! ಹೆಣ್ಣು ಮಗು! ನಾನು ಹೊರಟೆ, ನೀವು ಗೆಲ್ಲಿ!"

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಿಕ್ಷಾ ಹುಡುಕುತ್ತ ಓಡಿದ ಆಕೆಯನ್ನು ಯಾರು ತಡೆದಾರು? ಎಲ್ಲರೂ ಚಪ್ಪಾಳೆ ತಟ್ಟಿ ಕಳುಹಿಸಿಕೊಟ್ಟರು. ಆದರೆ ಈಗ ಒಂದು ಕಡೆ ಐವರು, ಇನ್ನೊಂದು ಕಡೆ ನಾಲ್ವರು.

ಮನ್ವಿತಾಳ ಹೊಟ್ಟೆಯಲ್ಲೂ ಅಂದು ಒಂದು ಮಣಿಯಿತ್ತು. ಕಲಿಯದ ಮೈಯ ಗೆರೆ ಹೇಗಿರುತ್ತದೆ ಎಂದು ಹೋಲಿಸಿ ನೋಡಲು, ಮರದ ಕೆಳಗೆ ಕೂತಿರುವ ತನ್ನದನ್ನೂ ದಾಖಲಿಸಬೇಕೆಂದು ನುಂಗಿದ್ದಳು. ಈ ಎರಡು ವಾರ ಅವಳು ಮೇಜಿನ ಮುಂದೆ ನೆರಳಲ್ಲಿದ್ದವಳು. ಉಳಿದ ಹೊತ್ತು ಏಸಿಯ ತಂಪಿನಲ್ಲಿ. ಹಗ್ಗ ಮುಟ್ಟಬಾರದು ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಖಾಲಿ ಜಾಗ ಕಣ್ಣೆದುರಿಗಿತ್ತು, ಸಮಿತಿಯವರು ಗಡಿಯಾರ ನೋಡುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ಎರಡು ವಾರದಿಂದ ನೋಡಿ ನೋಡಿ ಅವಳಿಗೇ ಆಸೆಯಾಗಿತ್ತು. ಚಪ್ಪಲಿ ಕಳಚಿ ಹೋಗಿ ಅತ್ತೆಯ ಮುಂದೆ ನಿಂತು ಹಗ್ಗ ಹಿಡಿದಳು.

"ನೀನು ಬೇಡ ಮನ್ವಿ," ಎಂದಳು ಹರಿಣಾಕ್ಷಿ.

"ಒಂದೇ ಸುತ್ತು ಅತ್ತೆ."

ಒಂದು ಸುತ್ತು ಮುಗಿಯಿತು, ಅತ್ತೆ ಸೊಸೆಯ ಕಡೆಯವರು ಸೋತರು. ಇನ್ನೊಂದು ಸುತ್ತು, ಇವರು ಗೆದ್ದರು. ಮೂರನೆಯದು ಬೇಕೇಬೇಕಾಯಿತು. ಎರಡೂ ಕಡೆಯವರು ಹಿಮ್ಮಡಿ ಊರಿ ಆಕಾಶ ನೋಡುತ್ತ ಜಗ್ಗಿದರು. ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸೊಂಟದ ಪಟ್ಟಿ ಗಡಗಡ ನಡುಗಿದ್ದನ್ನು ಮನ್ವಿತಾ ಹಗ್ಗದ ನಡುಕ ಎಂದುಕೊಂಡಳು. ಯಾವಾಗಲೂ ಮೇಜಿನ ಮುಂದೆ ಕೂತು ಕೆಂಪನ್ನು ಗುರುತಿಸುತ್ತಿದ್ದವಳೇ ಅವಳು. ಈಗ ಆ ಕುರ್ಚಿ ಖಾಲಿಯಿತ್ತು.

ಸುತ್ತು ಸರಿಸಮದಲ್ಲೇ ಮುಗಿದು ಎಲ್ಲರೂ ಹುಲ್ಲಿನ ಮೇಲೆ ಉರುಳಿ ನಗುತ್ತಿದ್ದಾಗ ಮನ್ವಿತಾ ನಿಂತೇ ಇದ್ದಳು. ಹಗ್ಗದ ಕಡೆ ನೋಡಿ ಗಂಭೀರವಾಗಿ ಕೇಳಿದಳು: "ಇದಕ್ಕೆ ಊಟ ಹಾಕಿದ್ರಾ? ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಒಂದಿಬ್ಬರು ತಮಾಷೆಯೆಂದು ನಕ್ಕರು. ಹರಿಣಾಕ್ಷಿ ನಗಲಿಲ್ಲ. ಸೊಸೆಯ ಮುಖ ನೋಡಿದಳು, ಕಣ್ಣು ನೋಡಿದಳು, ಮರುಕ್ಷಣ ಮೈದಾನ ನಡುಗುವಂತೆ ಕೂಗಿದಳು.

"ತೊಟ್ಟಿಗೆ!"

ಟೆಂಪೋ ಎಳೆದ ಕೈಗಳು ಮನ್ವಿತಾಳನ್ನು ಹೂವಿನಂತೆ ಎತ್ತಿದವು. ನೀರು ದಡದಡನೆ ಹೊರಚೆಲ್ಲಿತು. ಇಬ್ಬರು ಭುಜ ಹಿಡಿದರು, ಒಬ್ಬಳು ತಲೆ ಹಿಡಿದಳು, ಉಳಿದವರು ಮಂಜುಗಡ್ಡೆಯ ನೀರನ್ನು ಕಲಕುತ್ತ ಮೈಗೆ ತಾಗಿಸಿದರು. ವ್ಯಾನಿನ ಪರದೆಯಲ್ಲಿ ಹನ್ನೊಂದನೆಯ ಗೆರೆ ಕೆಂಪಾದದ್ದನ್ನು ಕಂಡು ಲೋಬೊ ಆಗಲೇ ಹಾರಿ ಓಡಿಬರುತ್ತಿದ್ದರು. ಹಿಂದೆಯೇ ಆಂಬುಲೆನ್ಸಿನವರು.

"ಸ್ಟ್ರೆಚರ್ ತನ್ನಿ, ಆಸ್ಪತ್ರೆಗೆ!" ಎಂದರು ಆಂಬುಲೆನ್ಸಿನವರು.

"ಕೈ ಹಾಕ್ಬೇಡಿ," ಎಂದಳು ಹರಿಣಾಕ್ಷಿ, ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು. "ಮೊದಲು ತಂಪು, ಆಮೇಲೆ ಆಸ್ಪತ್ರೆ. ಇವಳೇ ಕಲಿಸಿದ್ದು."

ಲೋಬೊ ತೊಟ್ಟಿಯ ಪಕ್ಕ ಮೊಣಕಾಲೂರಿ ಕೂತರು. ಸೊಂಟದ ಪಟ್ಟಿಯ ಅಂಕಿ ಒಂದೊಂದಾಗಿ ಇಳಿಯುವುದನ್ನು ನೋಡಿದರು. ನಲವತ್ತೂವರೆ ಡಿಗ್ರಿ. ನಲವತ್ತು. ಮೂವತ್ತೊಂಬತ್ತೂವರೆ. ಅವರ ತುಟಿ ಅಂಕಿಗಳೊಂದಿಗೆ ಅಲ್ಲಾಡುತ್ತಿತ್ತು. ಮೂವತ್ತೊಂಬತ್ತಕ್ಕೆ ಬಂದಾಗ ಮನ್ವಿತಾ ಕಣ್ಣು ಪಿಳಿಪಿಳಿ ಮಾಡಿ, ಹಲ್ಲು ಕಟಕಟ ಕಡಿಯುತ್ತ, "ಅತ್ತೆ, ಚಳಿ," ಎಂದಳು.

ಹರಿಣಾಕ್ಷಿ ಅಳುತ್ತ ನಕ್ಕಳು. "ಚಳಿಯಂತೆ! ಮೇ ತಿಂಗಳಲ್ಲಿ ಚಳಿಯಂತೆ ನನ್ನ ಮಗಳಿಗೆ!"

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಎಲ್ಲ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರು. ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ರಮ್ಲತಳ ಮಗಳಿದ್ದಳು. ಅಜ್ಜಿಯಾದ ಸಂಭ್ರಮದಲ್ಲಿ ರಮ್ಲತ್ ಮಗುವನ್ನು ಎತ್ತಿಕೊಂಡೇ ಕೆಳಗಿಳಿದು ಬಂದು ಮನ್ವಿತಾಳಿಗೆ ತೋರಿಸಿದಳು. ಮನ್ವಿತಾ ಮಗುವಿನ ಕೆನ್ನೆ ಮುಟ್ಟಿದಳಾದರೂ ಮುಖ ಬಾಡಿತ್ತು. ಎಲ್ಲ ಹಾಳಾಯಿತು, ತನ್ನ ಒಂದು ಗಳಿಗೆಯ ಆಸೆಯಿಂದ ಊರಿನ ಮುಂಜಾನೆಯೂ ಹೋಯಿತು ಎಂದು ಅವಳು ಮನಸ್ಸಿನಲ್ಲೇ ಬೇಯುತ್ತಿದ್ದಳು.

ಸಂಜೆ ಲೋಬೊ ಬಂದರು. ಕೈಯಲ್ಲಿ ಒಂದು ಟ್ಯಾಬ್ ಇತ್ತು.

"ಸರ್, ನನ್ನ ಗೆರೆಯನ್ನೂ ಸೇರಿಸಿ," ಎಂದಳು ಮನ್ವಿತಾ ಅವರು ಬಾಯಿ ತೆರೆಯುವ ಮೊದಲೇ. "ನಾನು ಹತ್ತರಲ್ಲಿ ಇರ್ಲಿಲ್ಲ ಅಂತ ಬಿಟ್ಟುಬಿಡ್ಬೇಡಿ. ಬಿದ್ದದ್ದು ಬಿದ್ದದ್ದೇ."

"ಬಿಡ್ತೇನೆ ಅಂತ ಯಾರು ಹೇಳಿದ್ದು?" ಲೋಬೊ ಟ್ಯಾಬನ್ನು ಅವಳ ಮುಂದೆ ಹಿಡಿದರು. "ನೋಡಿ."

ಒಂಬತ್ತು ಗೆರೆಗಳು ತೆಂಗಿನ ಗರಿಯ ಹಾಗೆ ಒಂದರ ಪಕ್ಕ ಒಂದು ಮೆಲ್ಲಗೆ ಬಾಗಿ ಏರಿದ್ದವು. ಎಲ್ಲಿಯೂ ಕೆಂಪಿಲ್ಲ. ಒಂದು ಗೆರೆ ಮಾತ್ರ ನೆಟ್ಟಗೆ ಮೇಲಕ್ಕೆ ಹಾರಿ, ಅಷ್ಟೇ ನೆಟ್ಟಗೆ ಕೆಳಗಿಳಿದಿತ್ತು.

"ಅದೇ ಸೆಕೆ, ಅದೇ ಹಗ್ಗ," ಎಂದರು ಲೋಬೊ. "ಕಲಿತ ಮೈಗೂ ಕಲಿಯದ ಮೈಗೂ ಇರುವ ವ್ಯತ್ಯಾಸವನ್ನು ನೀವು ನೂರು ಪುಟ ಬರೆದಿದ್ರೂ ಸಮಿತಿಯವರು ನಂಬ್ತಿರ್ಲಿಲ್ಲ. ಕಣ್ಣಾರೆ ನೋಡಿದ್ರು. ಮಣಿ ಕೂಗಿದ್ದನ್ನೂ ನೋಡಿದ್ರು, ತೊಟ್ಟಿಯಲ್ಲಿ ನೀವು ಬದುಕಿ ಬಂದದ್ದನ್ನೂ ನೋಡಿದ್ರು. ಮುಂಜಾನೆ ಮುಚ್ಚುದಿಲ್ಲ. ಮುಂದಿನ ಬೇಸಿಗೆಗೆ ಎಲ್ಲ ಮೈದಾನದಲ್ಲೂ ಮಣಿ, ನೆರಳು, ತೊಟ್ಟಿ ಇರ್ಬೇಕು ಅಂತ ಬರೆದಿದ್ದಾರೆ." ಟ್ಯಾಬನ್ನು ಕೆಳಗಿಟ್ಟು, "ಆದರೆ ಡಾಕ್ಟ್ರೆ, ಇನ್ನೊಂದು ಸಲ ಕಲಿಯದೆ ಹಗ್ಗ ಮುಟ್ಟಿದ್ರೆ ನಾನೇ ನಿಮ್ಮನ್ನು ತಂಪುಮನೆಗೆ ಹಾಕಿ ಬೀಗ ಜಡಿತೇನೆ," ಎಂದರು. ಆಗ ಅವರು ನಕ್ಕದ್ದನ್ನು ಮನ್ವಿತಾ ಕಂಡಳು.

ಮರುವರ್ಷ ಬೇಸಿಗೆ ಬಂತು. ಪರದೆ ಕಪ್ಪಾದ ದಿನ ಕೊಂಬು ಊದುತ್ತಿತ್ತು. ಆ ದಿನ ಯಾರೂ ಹೊರಬರುತ್ತಿರಲಿಲ್ಲ. ಉಳಿದ ದಿನ ಮೈದಾನ ತುಂಬುತ್ತಿತ್ತು. ಮಕ್ಕಳಿಗೆ ಮೊದಲು ಬಿಸಿಲಲ್ಲಿ ಹೇಗೆ ಆಡಬೇಕೆಂದೇ ತಿಳಿಯಲಿಲ್ಲ. ಮೈದಾನದ ಅಂಚಿನಲ್ಲಿ ಸಾಲಾಗಿ ನಿಂತು ತಮ್ಮ ಸರದಿ ಯಾವಾಗ ಎಂದು ಕೇಳಿದರು. "ಇಲ್ಲಿ ಸರದಿ ಇಲ್ಲ ಮಕ್ಳೇ, ಓಡಿ!" ಎಂದು ರಮ್ಲತ್ ಗದರಿದ ಮೇಲೆ ಹೋ ಎಂದು ಚದುರಿದರು. ಮಧ್ಯೆ ಮಧ್ಯೆ ಹಳದಿ ಬಂದವರು ತಾವಾಗಿಯೇ ನೆರಳಿಗೆ ಓಡಿ ಮಜ್ಜಿಗೆ ಕುಡಿದು ಮತ್ತೆ ಇಳಿಯುತ್ತಿದ್ದರು.

ಮನ್ವಿತಾ ಈ ಸಲ ಎರಡು ವಾರ ಒಂದು ದಿನವೂ ತಪ್ಪಿಸದೆ ಬಿಸಿಲಿನ ಪಾಠ ಕಲಿತಳು. ಅದು ಮುಗಿದ ಭಾನುವಾರ ಕೋಡಿಬೆಟ್ಟಿನಿಂದ ಒಂದು ಬಸ್ಸು ಬಂತು. ಇಳಿದವರು ಆ ಊರಿನ ಹೆಂಗಸರ ತಂಡ. ಅವರೂ ಮಣಿ ನುಂಗಿ ಪಳಗಿದವರೇ. ಮುಂದೆ ಇಳಿದ ದಪ್ಪ ಕನ್ನಡಕದ ಹಳೆಯ ಎದುರಾಳಿಯನ್ನು ಕಂಡು ಹರಿಣಾಕ್ಷಿ ಸೊಂಟಕ್ಕೆ ಕೈಯಿಟ್ಟಳು.

"ಶರ್ಮಿಳಾ! ನೀನಿನ್ನೂ ಹಗ್ಗ ಹಿಡಿತಿಯಾ?"

"ಹಿಡಿಲಿಕ್ಕೆ ಬಿಡದೆ ಇಷ್ಟು ವರ್ಷ ಕೂರಿಸಿದ್ರಲ್ಲ ಮಾರಾಯ್ತಿ. ಬಡ್ಡಿ ಸಮೇತ ಎಳಿಲಿಕ್ಕೆ ಬಂದಿದ್ದೇನೆ."

ಲೋಬೊ ಸೀಟಿ ಊದಿದರು. ಬೆವರು ಕೈಯಿಂದ ಹಗ್ಗಕ್ಕೆ, ಹಗ್ಗದಿಂದ ಮಣ್ಣಿಗೆ ಇಳಿಯಿತು. ಇಡೀ ಪಡುಬೈಲು ಗಂಟಲು ಹರಿಯುವಂತೆ ಕೂಗಿತು. ಮೊದಲ ಸುತ್ತು ಕೋಡಿಬೆಟ್ಟಿನದು. ಎರಡನೆಯದೂ ಕೋಡಿಬೆಟ್ಟಿನದೇ, ಹರಿಣಾಕ್ಷಿಯ ತಂಡ ಗೆರೆ ದಾಟಿ ಮುಗ್ಗರಿಸಿ ಒಬ್ಬರ ಮೇಲೊಬ್ಬರಂತೆ ಬಿತ್ತು. ಎಲ್ಲರ ಅಡಿಯಲ್ಲಿ ಸಿಕ್ಕಿದವಳು ಮನ್ವಿತಾ. ಮೂಗು, ಹುಬ್ಬು, ಕೂದಲು ಎಲ್ಲ ಮಣ್ಣು. ಎದ್ದು ಕೂತು ಸೊಂಟದ ಪಟ್ಟಿ ನೋಡಿಕೊಂಡಳು. ಹಸಿರು.

"ಸೋತೆವಲ್ಲ ಅತ್ತೆ," ಎಂದಳು ಏದುಸಿರು ಬಿಡುತ್ತ.

"ಚೆಂದದಲ್ಲಿ ಸೋತೆವು," ಎಂದಳು ಹರಿಣಾಕ್ಷಿ, ಮಣ್ಣಲ್ಲಿ ಅಂಗಾತ ಬಿದ್ದುಕೊಂಡೇ. ಆಮೇಲೆ ಕತ್ತೆತ್ತಿ ಆ ಕಡೆಯವರಿಗೆ ಕೂಗಿ ಹೇಳಿದಳು: "ಬಸ್ಸು ಹತ್ಬೇಡಿ! ಮಜ್ಜಿಗೆ ಕುಡಿದು ಬನ್ನಿ, ಇನ್ನೊಂದು ಸುತ್ತು ಉಂಟು!"